ಏಳನೇ ತಟ್ಟೆ

ಕೂತು ದೇವರಿಗೆ ಕೈಮುಗಿಯುವುದು ನನ್ನಿಂದ ಆಗದು. ಕೂತರೆ ಒಲೆಯ ಮೇಲಿನ ಹಾಲು ನೆನಪಾಗುತ್ತದೆ, ಇಲ್ಲವೇ ನಿದ್ದೆ ಬರುತ್ತದೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಡಿಸಿದ ಮೇಲೆ ಶ್ಲೋಕ ಯಾರು ಕಲಿಸುತ್ತಾರೆ? ನಾನು ಕಲಿತದ್ದು ರೇಷ್ಮೆ ಹುಳು ಸಾಕುವುದನ್ನು. ಹಾಗಾಗಿ ನನ್ನ ಬೇಡಿಕೆಗಳೆಲ್ಲ ಹುಳುಮನೆಯಲ್ಲೇ ನಡೆಯುತ್ತಿದ್ದವು.

ಶಿಡ್ಲಘಟ್ಟದ ಅಂಚಿನಲ್ಲಿ ನಮ್ಮ ಮನೆ. ಹಿಂದುಗಡೆ ಒಂದು ಉದ್ದನೆಯ ಕೋಣೆ, ಅದರ ತುಂಬ ಹುಳು ತುಂಬಿದ ಬಿದಿರಿನ ತಟ್ಟೆಗಳು. ದಿನಕ್ಕೆ ನಾಲ್ಕು ಸಲ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಹಾಕುವಾಗ ಒಂದೊಂದು ತಟ್ಟೆಗೂ ಒಬ್ಬೊಬ್ಬರ ಹೆಸರು ಹೇಳಿಕೊಳ್ಳುತ್ತಿದ್ದೆ. ಮೊದಲನೆಯದು ದೊಡ್ಡ ಮಗಳಿಗೆ. ಎರಡನೆಯದು ಗೌರಿಬಿದನೂರಿನಲ್ಲಿರುವ, ಕಾಲು ನೋವಿನ ತಮ್ಮನಿಗೆ. ಮೂರನೆಯದು ಕುಡುಕ ಚಿಕ್ಕ ಅಳಿಯನಿಗೆ. ಅವನಿಗೆ ಬೈದುಕೊಂಡೇ ಹಾಕುತ್ತಿದ್ದೆ, ಆದರೂ ಹಾಕುತ್ತಿದ್ದೆ. ಸೊಪ್ಪು ಮಾತ್ರ ಒಂದೆಲೆಯೂ ಹೆಚ್ಚಾಗಬಾರದು. ಸೊಸೆ ಕೈಜಾರಿ ಜಾಸ್ತಿ ಹಾಕಿದರೆ, “ಸೊಪ್ಪು ದಂಡ ಮಾಡ್ಬೇಡ ಕಣೇ” ಎಂದು ಗದರುತ್ತಿದ್ದೆ.

ಏಳನೆಯದು ಅವಳದು.

ಅವಳು ನಮ್ಮ ಹಿಂದಿನ ಬೀದಿಯವಳು. ಗೂಡಿನಿಂದ ನೂಲು ತೆಗೆಯುವ ಕಡೆ ಇಪ್ಪತ್ತು ವರ್ಷ ಬಿಸಿನೀರಿನಲ್ಲಿ ಕೈ ಅದ್ದಿ ಕೆಲಸ ಮಾಡಿದವಳು. ಆ ಹಬೆಗೆ ಅವಳ ಉಸಿರು ಕೆಟ್ಟಿತ್ತು. ಸಂಜೆ ಕೆಲಸ ಬಿಟ್ಟು ಬಂದು ನಮ್ಮ ಹುಳುಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಹೊರಗಿನವರನ್ನು ನಾವು ಒಳಗೆ ಬಿಡುವುದಿಲ್ಲ, ಹುಳುವಿಗೆ ರೋಗ ತಗುಲುತ್ತದೆ. ಅವಳಿಗೆ ಅದು ಗೊತ್ತು, ಹೊಸಿಲು ದಾಟುತ್ತಿರಲಿಲ್ಲ.

ಒಂದು ದಿನ ಹೊರಡುವಾಗ, “ದುವಾದಲ್ಲಿ ನನ್ನೂ ಯಾದ್ ಇಟ್ಕೊ ಅಕ್ಕ” ಎಂದಳು.

“ನನಗೆ ದುವಾ ಗಿವಾ ಬರಲ್ಲ ಕಣೇ.”

“ಮತ್ತೆ ಇಷ್ಟೊತ್ತೂ ಬಾಯಲ್ಲಿ ಮಣಮಣ ಅಂತಿದ್ದೆ? ಹುಳಕ್ಕೆ ಜೋಗುಳ ಹಾಡ್ತಿದ್ದಾ?”

ತಟ್ಟೆಗಳ ವಿಷಯ ಹೇಳಿದೆ. ನಕ್ಕಳು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, “ಹುಳಕ್ಕೆ ಜ್ವರ ಬಂದಾಗ?” ಎಂದಳು. ಹುಳು ಪೊರೆ ಬಿಡುವ ಮುಂಚೆ ಒಂದು ದಿನ ಸೊಪ್ಪು ಮುಟ್ಟದೆ ಸುಮ್ಮನಿರುತ್ತದೆ, ಅದನ್ನೇ ನಾವು ಜ್ವರ ಎನ್ನುವುದು. “ಆವತ್ತು ನಿನ್ ದೇವ್ರಿಗೆ ರಜಾನಾ?”

“ಹೂಂ, ರಜಾ. ಆವತ್ತು ನೀನೇ ನೋಡ್ಕೊ. ಐದು ಹೊತ್ತು ಮಾಡ್ತೀಯಲ್ಲ.”

“ಅದ್ರಲ್ಲಿ ನೀನು ಇದ್ದೇ ಇದ್ದೀಯ. ನಿನ್ ಸೊಂಟ ಸರಿಹೋಗ್ಲಿ ಅಂತ ದಿನಾ ಕೇಳ್ತೀನಿ.”

ನನ್ನ ಸೊಂಟಕ್ಕೆ ಎಣ್ಣೆ ಹಚ್ಚುವವರಿದ್ದರು. ಅದಕ್ಕಾಗಿ ಬೇಡುವವರು ಒಬ್ಬರಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಮಾರನೆಯ ದಿನದಿಂದ ಏಳನೇ ತಟ್ಟೆಗೆ ಅವಳ ಹೆಸರಾಯಿತು. ಉಸಿರು ಸಲೀಸಾಗಿರಲಿ, ಅಷ್ಟೇ ಕೇಳುತ್ತಿದ್ದೆ.

ಮುಂದಿನ ವರ್ಷ ಡಾಕ್ಟರು ಅವಳಿಗೆ ಹಬೆಯ ಹತ್ತಿರ ಹೋಗಲೇಬೇಡಿ ಎಂದರು. ಅವಳ ಮಗಳು ಬಂದು ಚಿಂತಾಮಣಿಯ ತನ್ನ ಮನೆಗೆ ಅವಳನ್ನು ಕರೆದುಕೊಂಡು ಹೊರಟಳು. ನಮ್ಮಲ್ಲಿ ಫೋನಿರಲಿಲ್ಲ, ಬೀದಿಯ ಕಾಯಿನ್ ಬೂತೇ ಗತಿ. ಅವಳ ಮೊಮ್ಮಗಳು ಇದ್ದಿಲಿನಲ್ಲಿ ಹುಳುಮನೆಯ ಗೋಡೆಯ ಮೇಲೆ, ಏಳನೇ ತಟ್ಟೆಗೆ ನೇರವಾಗಿ, ಅವರ ಪಕ್ಕದ ಅಂಗಡಿಯ ನಂಬರು ಬರೆದಳು. ಅವತ್ತೊಂದು ದಿನ ಇಬ್ಬರನ್ನೂ ಕಾಲು ತೊಳೆಸಿ ಒಳಗೆ ಬಿಟ್ಟಿದ್ದೆ.

“ನನ್ ತಟ್ಟೆ ಬಿಟ್ಟೀಯ, ನೋಡು” ಎಂದಳು.

“ಬಿಡಲ್ಲ ಹೋಗೇ. ಬಸ್ಸು ಹೊರಟೋಗ್ತದೆ.”

ಇಪ್ಪತ್ತು ವರ್ಷ ಜೊತೆಗಿದ್ದ ಗೆಳತಿಗೆ ನಾನು ಹೇಳಿದ್ದು ಅಷ್ಟೇ.

ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಹೋಗಿ ಎರಡು ಸಲ ಫೋನು ಮಾಡಿ ಮಾತಾಡಿದೆ. ಆಮೇಲೆ ಹುಳುವಿಗೆ ಹಾಲುತೊಂಡೆ ರೋಗ ಬಂತು. ಹುಳು ಊದಿಕೊಂಡು, ಚರ್ಮ ಒಡೆದು ಹಾಲಿನಂಥ ನೀರು ಸುರಿಯುತ್ತದೆ. ಮೊದಲು ಕಂಡದ್ದು ಏಳನೇ ತಟ್ಟೆಯಲ್ಲೇ. ಎರಡು ದಿನದಲ್ಲಿ ಎಲ್ಲ ತಟ್ಟೆಗಳಿಗೂ ಹರಡಿತು. ಹುಳುವನ್ನೆಲ್ಲ ಗುಂಡಿ ತೋಡಿ ಮುಚ್ಚಿದೆವು, ತಟ್ಟೆಗಳನ್ನು ತೊಳೆದು ಬಿಸಿಲಿಗೆ ಹಾಕಿದೆವು. ಗೋಡೆಗೆ ಸುಣ್ಣ ಹೊಡೆಯಬೇಕು. ಸೊಸೆ ಬಸುರಿ, ಅವಳನ್ನು ಕೂರಿಸಿ ನಾನೇ ಹೊಡೆದೆ. ಒಂದು ಕೋಟು ಸಾಲದೆಂದು ಇನ್ನೊಂದು ಕೋಟು.

ಮುಂದಿನ ಬೆಳೆಗೆ ಹುಳು ಕಡಿಮೆ ತಂದೆವು, ಆರು ತಟ್ಟೆಗೇ ಸಾಕಾಯಿತು. ಏಳನೆಯದು ಹೊರಗೆ ಗೋಡೆಗೆ ಒರಗಿಕೊಂಡೇ ಇತ್ತು. ತಟ್ಟೆ ಇಲ್ಲ, ಹೆಸರೂ ಬಾಯಿಗೆ ಬರಲಿಲ್ಲ. ಒಂದು ದಿನವಲ್ಲ, ಎರಡು ದಿನವಲ್ಲ, ಹುಳು ಗೂಡು ಕಟ್ಟುವವರೆಗೆ ಒಂದು ಬೆಳೆ ಪೂರ್ತಿ ಅವಳು ನನ್ನ ಬಾಯಲ್ಲಿ ಇರಲಿಲ್ಲ. ಗೂಡು ಮಾರ್ಕೆಟ್ಟಿಗೆ ಹೋದ ದಿನ ಅಂಗಳ ಗುಡಿಸುವಾಗ ಆ ತಟ್ಟೆ ಕಾಲಿಗೆ ತಗುಲಿತು. ಪೊರಕೆ ಅಲ್ಲೇ ಬಿಟ್ಟು ಒಳಗೆ ಹೋಗಿ ಗೋಡೆ ನೋಡಿದೆ. ಬೆಳ್ಳಗಿತ್ತು. ಉಗುರಿನಿಂದ ಕೆರೆದೆ. ಸುಣ್ಣದ ಕೆಳಗೆ ಹಳೇ ಸುಣ್ಣ ಬಂತು.

“ಎಲ್ಲೂ ಬರೆದಿಟ್ಕೊಂಡಿರ್ಲಿಲ್ವಾ ಅತ್ತೆ?” ಎಂದಳು ಸೊಸೆ.

“ಗೋಡೆ ಎಲ್ಲಿಗೆ ಹೋಗ್ತದೆ ಅಂದ್ಕೊಂಡಿದ್ದೆ.”

ಚಿಂತಾಮಣಿಯಲ್ಲಿ ಯಾವ ಬೀದಿ ಎಂದು ನಾನು ಕೇಳಿರಲಿಲ್ಲ. ಹಿಂದಿನ ಬೀದಿಯವರಿಗೂ ಗೊತ್ತಿರಲಿಲ್ಲ. ಗುರುವಾರ ಮುರುಗಮಲ್ಲದ ದರ್ಗಾಕ್ಕೆ ಹೋಗುತ್ತೇನೆಂದು ಅವಳೇ ಫೋನಿನಲ್ಲಿ ಹೇಳಿದ್ದು ನೆನಪಿತ್ತು. ಮುಂದಿನ ಬೆಳೆಯ ಹುಳು ತಂದು, ಏಳನೇ ತಟ್ಟೆಯನ್ನು ಅದರ ಜಾಗದಲ್ಲಿಟ್ಟು, ಒಂದು ಗುರುವಾರ ಬಸ್ಸು ಹತ್ತಿದೆ.

ದರ್ಗಾದಲ್ಲಿ ಎಲ್ಲಿ ನೋಡಿದರೂ ಕರಿ ಬುರ್ಖಾ. ಮುಖ ನೋಡಿ ಗುರುತು ಹಿಡಿಯಲಾಗದು ಎಂದು ನಡಿಗೆ ನೋಡುತ್ತ ಕೂತೆ. ಅವಳು ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾಳೆ. ನಿಂತವರನ್ನೆಲ್ಲ ಎದ್ದು ಹೋಗಿ ನೋಡಿದೆ, ಅವರ್ಯಾರೂ ಅವಳಲ್ಲ. ಪಕ್ಕದಲ್ಲಿ ಕೂತಿದ್ದ ಆಂಧ್ರದ ಕಡೆಯ ಹೆಂಗಸು, ಯಾರಾದರೂ ತಪ್ಪಿಸಿಕೊಂಡರಾ ಎಂದು ತೆಲುಗಿನಲ್ಲಿ ಕೇಳಿದಳು. ಇಲ್ಲ, ನಾನೇ ಕಳೆದುಕೊಂಡೆ ಎಂದೆ.

ಮೂರು ಗಂಟೆಯವರೆಗೆ ನೋಡಿದೆ. ಕೊನೆಗೆ ಬೇಡಿಕೊಂಡೆ. ಕೈಯಲ್ಲಿ ಸೊಪ್ಪಿಲ್ಲದೆ ಹೇಗೋ ಅನ್ನಿಸುತ್ತಿತ್ತು. “ಅವಳ ಉಸಿರು ಸಲೀಸಾಗಿರ್ಲಿ. ಗೋಡೆಗೆ ಸುಣ್ಣ ಹೊಡೆದೋಳು ನಾನೇ ಅಂತ ಅವಳಿಗೆ ಗೊತ್ತು ಮಾಡ್ಸು. ಬೇಕು ಅಂತ ಬಿಟ್ಟಿಲ್ಲ.”

ಮನೆ ಸೇರುವಾಗ ಸಂಜೆಯ ಸೊಪ್ಪು ಹಾಕಿ ಮುಗಿದಿತ್ತು.

“ಏಳನೇ ತಟ್ಟೆಗೆ ಹಾಕಿದ್ಯಾ?” ಎಂದು ಸೊಸೆಯನ್ನು ಕೇಳಿದೆ.

“ಎಲ್ಲಕ್ಕೂ ಹಾಕಿದೆ ಅತ್ತೆ.”

“ಹೆಸರು ಹೇಳಿದ್ಯಾ?”

“ಯಾರ ಹೆಸರು?”

ಕಾಲು ತೊಳೆದುಕೊಂಡು ಒಳಗೆ ಹೋದೆ. ಏಳನೇ ತಟ್ಟೆಯ ಹುಳು ಹೊಟ್ಟೆ ತುಂಬಿ ಸುಮ್ಮನಿದ್ದವು. ಬುಟ್ಟಿಯಿಂದ ಇನ್ನೊಂದು ಹಿಡಿ ಸೊಪ್ಪು ತೆಗೆದು ಅವುಗಳ ಮೇಲೆ ಹರಡಿದೆ.

“ಸೊಪ್ಪು ದಂಡ ಅತ್ತೆ” ಎಂದಳು ಸೊಸೆ, ಬಾಗಿಲಲ್ಲಿ ನಿಂತು.

“ಆಗ್ಲಿ” ಎಂದೆ.