ಕಾಗೆ ಹುಡುಕಿಕೊಂಡು ಸೌತ್ ಹೇವನ್‌ಗೆ

"ಸುಮ್ನೆ ಎರಡು ದಿನ ರಿಲ್ಯಾಕ್ಸ್ ಮಾಡ್ಕೊಂಡು ಬರೋಣ ಕಣೆ" ಎಂದು ಗೆಳತಿ ಫೋನ್ ಮಾಡಿದಾಗಲೇ ನನಗೆ ಅನುಮಾನ ಬರಬೇಕಿತ್ತು. ರಿಲ್ಯಾಕ್ಸ್ ಮಾಡುವವರ ಪೈಕಿಯಲ್ಲ ಅವಳು. ಮೈಸೂರಿನವಳು, ಶಿಕಾಗೊ ಹತ್ತಿರದ ಡೌನರ್ಸ್ ಗ್ರೋವ್‌ನ ಮನೆಯಲ್ಲಿ ಒಬ್ಬಳೇ ಇದ್ದಳು. ನಾನು ಚಿತ್ರದುರ್ಗದವಳು. ನಾನೂ ನನ್ನ ಗಂಡನೂ ಡೆಸ್ ಪ್ಲೇನ್ಸ್‌ನಲ್ಲಿ ಹಲಾಲ್ ಮಾಂಸದ ಜೊತೆಗೆ ದಿನಸಿಯನ್ನೂ ಮಾರುವ ಅಂಗಡಿ ಇಟ್ಟಿದ್ದೆವು. ಶುದ್ಧ ಸಸ್ಯಾಹಾರಿಯಾದ ಅವಳು ಮಾಂಸದ ಕೌಂಟರ್ ದಾಟುವಾಗ ಸೆರಗಿಲ್ಲದಿದ್ದರೂ ಸ್ವೆಟರಿನ ತೋಳಿನಿಂದ ಮೂಗು ಮುಚ್ಚಿಕೊಂಡು ಬಂದು, ನನ್ನೊಡನೆ ಕನ್ನಡದಲ್ಲಿ ಹರಟಿ ಹೋಗುತ್ತಿದ್ದಳು. ಸ್ನೇಹ ಬೆಳೆದದ್ದು ಹಾಗೆ.

ಅವಳ ಗಂಡ ಹಿಂದಿನ ವರ್ಷ ಆಫೀಸಿನ ಪಾರ್ಕಿಂಗ್ ಲಾಟ್‌ನಲ್ಲಿ ಕುಸಿದು ಬಿದ್ದು ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಇವಳಿಗಿನ್ನೂ ಮೂವತ್ತರ ಆಚೀಚೆ. ಮಿಶಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ ಡಾಕ್ಟರಾಗಿದ್ದ ಅಣ್ಣ ತನ್ನದೇ ಆಸ್ಪತ್ರೆಯ ಒಬ್ಬರನ್ನು ನೋಡಿಟ್ಟಿದ್ದ. ಹೆಂಡತಿ ಸತ್ತವರು, ಕನ್ನಡದವರು. ಗೆಳತಿ ಅವರ ಜೊತೆ ಫೋನಿನಲ್ಲಿ ಮಾತಾಡಿದ್ದಳು, ಒಂದು ಸಲ ಊಟಕ್ಕೂ ಹೋಗಿದ್ದಳು. ಅದನ್ನು ನನಗೆ ಹೇಳುವಾಗ ಕಡಲೆಬೇಳೆಯ ಪ್ಯಾಕೆಟ್ಟನ್ನೇ ನೋಡುತ್ತಿದ್ದಳು, ಕಿವಿ ಕೆಂಪಾಗಿತ್ತು. ನನಗೆ ಬಹಳ ಖುಷಿಯಾಯಿತು. ನಮ್ಮಲ್ಲಿ ಗಂಡ ಸತ್ತು ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿದ ಮೇಲೆ ಹೆಂಗಸು ಮತ್ತೆ ಮದುವೆಯಾಗುವುದು ದೊಡ್ಡ ಸುದ್ದಿಯೇ ಅಲ್ಲ, ನನ್ನ ಚಿಕ್ಕಮ್ಮನೇ ಆಗಿದ್ದಾರೆ. "ಹೂಂ ಅಂದ್ಬಿಡೆ" ಎಂದು ದಿನಾ ಅವಳ ತಲೆ ತಿನ್ನುತ್ತಿದ್ದೆ.

ಆದರೆ ಅವಳು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಯಾಕೆಂದು ತಿಳಿದದ್ದು ಆ ಶನಿವಾರ, ಗ್ಯಾರಿ ಊರಿನ ಕಾರ್ಖಾನೆಗಳ ವಾಸನೆ ದಾಟಿ ಕಾರು ಮಿಶಿಗನ್ ಕಡೆ ತಿರುಗಿದ ಮೇಲೆ. ಹಿಂದಿನ ಸೀಟಿನಿಂದ ಒಗ್ಗರಣೆಯ ಘಮ ಬರುತ್ತಿತ್ತು. ತಿರುಗಿ ನೋಡಿದರೆ ಡಬ್ಬಿಗಳ ಮೇಲೆ ಡಬ್ಬಿ. ನಮ್ಮ ಅಂಗಡಿಯ ಫ್ರೀಜರಿನಿಂದಲೇ ಒಯ್ದಿದ್ದ ಬಾಳೆಎಲೆಯ ಕಟ್ಟು.

"ಇಷ್ಟೊಂದು ಯಾರಿಗೆ ಮಾಡಿದ್ಯೇ?"

"ನಮ್ಮನೆಯವ್ರಿಗೆ" ಎಂದಳು. ಸ್ಟಿಯರಿಂಗ್ ಮೇಲಿನ ಕೈ ಅಲ್ಲಾಡಲಿಲ್ಲ.

ವರ್ಷದ ಕಾರ್ಯವನ್ನು ಅವಳು ಆಗಸ್ಟಿನಲ್ಲಿ ಪುರೋಹಿತರನ್ನು ಕರೆಸಿ ಮಾಡಿಸಿದ್ದಳು. ಎಡೆಯನ್ನು ಹಿತ್ತಲಿನಲ್ಲಿಟ್ಟು ಸಂಜೆಯವರೆಗೂ ಕಾದರೂ ಕಾಗೆ ಬಂದಿರಲಿಲ್ಲ. ಬರುವುದಾದರೂ ಹೇಗೆ? ಅದು ಎರಡು ಸಾವಿರದ ಎರಡನೇ ಇಸವಿ. ಸೊಳ್ಳೆಯಿಂದ ಹರಡುವ ಯಾವುದೋ ರೋಗ ಬಂದು ಶಿಕಾಗೊ ಸುತ್ತಮುತ್ತಲ ಕಾಗೆಗಳೆಲ್ಲ ಸಾಯುತ್ತಿದ್ದವು. ಹುಲ್ಲಿನ ಮೇಲೆ, ಡ್ರೈವ್‌ವೇ ಮೇಲೆ ಸತ್ತು ಬಿದ್ದಿರುತ್ತಿದ್ದವು. ಬೆಳಿಗ್ಗೆ ಕೂಗುವ ಒಂದು ಕಾಗೆಯೂ ಇಲ್ಲದ ಆ ಬೇಸಿಗೆಯನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.

"ಕಾಗೆ ಮುಟ್ಲಿಲ್ಲ ಅಂದ್ರೆ ಅವರಿಗೆ ಏನೋ ಆಸೆ ಉಳಿದಿದೆ ಅಂತ. ಅದನ್ನ ತಿಳ್ಕೊಳ್ದೆ ನಾನು ಅಣ್ಣಂಗೆ ಏನಂತ ಹೇಳ್ಲಿ? ಲೇಕ್ ಮಿಶಿಗನ್ ಆಚೆ ದಂಡೇಲಿ ಕಾಗೆ ಇನ್ನೂ ಇದಾವಂತೆ."

"ಅಯ್ಯೋ ಮಾರಾಯ್ತಿ, ಕಾಗೆಗಳಿಗೇ ಕಾಯಿಲೆ ಬಂದಿದೆ. ನಿನ್ನ ಗಂಡ ಏನು ಮಾಡ್ತಾನೆ ಅದಕ್ಕೆ?"

ಅವಳು ನಗಲಿಲ್ಲ. ಮರುದಿನ ಭಾನುವಾರ ಅಲ್ಲಿಂದ ನೇರವಾಗಿ ಆನ್ ಆರ್ಬರ್‌ಗೆ ಹೋಗಿ ಅಣ್ಣನಿಗೆ ಉತ್ತರ ಹೇಳುವುದು ಎಂದು ನಿಶ್ಚಯಿಸಿಕೊಂಡಿದ್ದಳು. ಆ ಉತ್ತರವನ್ನು ಒಂದು ಕಾಗೆಯ ಕೈಗೆ ಕೊಟ್ಟಿದ್ದಳು. ನನಗೆ ಸಿಟ್ಟು ಬಂತು. ಆದರೂ ಬಾಯಿ ಮುಚ್ಚಿಕೊಂಡು ಕೂತೆ. ನಮ್ಮ ದುರ್ಗದ ಬೀದಿಯಲ್ಲಿ ಪಕ್ಕದ ಮನೆಯವರು ಮಾಳಿಗೆಯ ಮೇಲೆ ಎಡೆಯಿಟ್ಟು ಕಾ ಕಾ ಎಂದು ಕರೆಯುವುದನ್ನು ನೋಡಿಯೇ ಬೆಳೆದವಳು ನಾನು. ಕಾಗೆ ಬರುವವರೆಗೂ ಆ ಮನೆಯವರ ಮುಖದ ಮೇಲೆ ಇರುತ್ತಿದ್ದ ಹೆದರಿಕೆ ನನಗೆ ಗೊತ್ತು.

ಸೌತ್ ಹೇವನ್ ಚೆಂದದ ಊರು. ಕೆಂಪು ಲೈಟ್‌ಹೌಸ್, ಐಸ್‌ಕ್ರೀಮ್ ಅಂಗಡಿಗಳು, ಇನ್ನೊಂದು ದಂಡೆ ಕಾಣದಷ್ಟು ನೀರು. ಉಪ್ಪಿನ ವಾಸನೆಯೊಂದಿಲ್ಲ ಅನ್ನುವುದು ಬಿಟ್ಟರೆ ಸಮುದ್ರವೇ. ಸೀಸನ್ ಮುಗಿದಿತ್ತು, ಬೀಚಿನಲ್ಲಿ ಜನ ಕಡಿಮೆ. ಅವಳು ಮರಳದಿಬ್ಬದ ಹಿಂದೆ, ಹುಲ್ಲು ಬೆಳೆದ ಜಾಗದಲ್ಲಿ ಎಲೆ ಹಾಸಿ, ಅನ್ನ, ವಡೆ, ಪಾಯಸ, ಅವನಿಗೆ ಇಷ್ಟವಾಗಿದ್ದ ಹಾಗಲಕಾಯಿ ಗೊಜ್ಜು ಎಲ್ಲವನ್ನೂ ಬಡಿಸಿದಳು. ಮೊದಲು ಬಂದದ್ದು ಬಿಳಿಯ ಗಲ್ ಹಕ್ಕಿಗಳು. ನಾನು ಚಪ್ಪಲಿ ಕೈಲಿ ಹಿಡಿದು ಅವನ್ನು ಅಟ್ಟುತ್ತಾ ನಿಂತೆ. ಇನ್ನೊಬ್ಬರ ಗಂಡನ ಎಡೆ ಕಾಯುವ ಕೆಲಸ ನನ್ನ ಹಣೆಯಲ್ಲಿ ಬರೆದಿತ್ತು, ಏನು ಮಾಡುವುದು!

ಕಾಗೆ ಬರಲಿಲ್ಲ. ಗಾಳಿಗೆ ಅನ್ನ ಒಣಗತೊಡಗಿತು. ಆಗ ಅವಳು ಮಾತು ಕೊಡಲು ಶುರುಮಾಡಿದಳು. ಅದೂ ಪದ್ಧತಿಯೇ. ಕಾಗೆ ಮುಟ್ಟದಿದ್ದರೆ ಸತ್ತವರ ಮನಸ್ಸಿನಲ್ಲಿ ಏನಿದೆಯೋ ಎಂದು ಊಹಿಸಿ, ಮನೆಯವರು ಗಟ್ಟಿಯಾಗಿ ಮಾತು ಕೊಡುತ್ತಾರೆ.

"ರೀ, ನಿಮ್ಮ ಅಮ್ಮನ್ನ ನಾನು ನೋಡ್ಕೋತೀನಿ."

ಅಲೆಯ ಸದ್ದು, ಅಷ್ಟೇ.

"ನಿಮ್ಮ ತಂಗಿ ಮಗಳನ್ನ ಓದಿಸ್ತೀನಿ." ಇಲ್ಲ. "ಮನೆ ಮಾರಲ್ಲ." ಇಲ್ಲ. ಮೊದಮೊದಲು ನನಗೆ ಅಯ್ಯೋ ಅನ್ನಿಸಿತು. ಆಮೇಲೆ ಭಯವಾಗತೊಡಗಿತು. ಅವಳು ಎಲೆಯನ್ನು ಬಿಟ್ಟು ಎದುರಿನ ಗಾಳಿಯನ್ನು ನೋಡಿ ಮಾತಾಡುತ್ತಿದ್ದಳು, ಒಂದೊಂದು ಮಾತಿಗೂ ಉತ್ತರಕ್ಕೆ ಜಾಗ ಬಿಡುತ್ತಿದ್ದಳು. ಅವನು ನನಗೆ ಗೊತ್ತಿದ್ದವನು. ಅಂಗಡಿಗೆ ಬಂದರೆ ಅಕ್ಕಿ ಮೂಟೆಯನ್ನು ತಾನೇ ಎತ್ತಿಕೊಂಡು ಹೋಗುತ್ತಿದ್ದ ನಗುಮುಖದವನು. ಆದರೂ ಅವಳು ನೋಡುತ್ತಿದ್ದ ಕಡೆ ನಾನು ತಿರುಗಿ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

"ಸಾಕು ಬಾರೆ, ಹೋಗೋಣ" ಎಂದು ಅವಳ ಭುಜ ಹಿಡಿದೆ.

ಅವಳು ನನ್ನ ಕೈ ಕೊಡವಿದಳು. "ನಾನು ಬೇರೆ ಮದುವೆ ಆಗಲ್ಲ ರೀ. ಸಾಕಾ?"

ಮಾತು ಮುಗಿದಿತ್ತೋ ಇಲ್ಲವೋ, ಕಪ್ಪು ಹಕ್ಕಿಯೊಂದು ಬಂದಿಳಿಯಿತು. ಎರಡು ಹೆಜ್ಜೆ ನಡೆದು, ತಲೆ ಓರೆ ಮಾಡಿ, ವಡೆಯ ತುಂಡೊಂದನ್ನು ಕಚ್ಚಿ ಹಾರಿಹೋಯಿತು.

ಗೆಳತಿ ಅಲ್ಲೇ ಮರಳಿನ ಮೇಲೆ ಕುಸಿದು ಕೈ ಮುಗಿದಳು. ಬಿಕ್ಕಿ ಬಿಕ್ಕಿ ಅತ್ತಳು.

ಅದು ಕಾಗೆಯಾಗಿರಲಿಲ್ಲ. ಉದ್ದ ಬಾಲ, ನೀಲಿ ಮಿನುಗುವ ಕತ್ತು, ಹಳದಿ ಕಣ್ಣು. ಗ್ರ್ಯಾಕಲ್ ಅನ್ನುತ್ತಾರೆ ಇಲ್ಲಿ. ನಮ್ಮ ಅಂಗಡಿಯ ಹಿಂದಿನ ಕಸದ ಡಬ್ಬಿಯ ಮೇಲೆ ದಿನಾ ಕೂತಿರುತ್ತವೆ. ನಾನೂ ಕಾಗೆ ಅಂದುಕೊಂಡಿದ್ದಾಗ ಮಗಳು ಇಂಗ್ಲಿಷಿನಲ್ಲಿ ನನ್ನನ್ನು ತಿದ್ದಿದ್ದಳು.

"ಲೇ, ಅದು ಕಾಗೆ ಅಲ್ಲ ಕಣೆ! ಬೇರೆ ಜಾತಿ ಹಕ್ಕಿ. ಕಣ್ಣು ನೋಡ್ಲಿಲ್ವಾ ನೀನು? ಆ ಮಾತು ಲೆಕ್ಕಕ್ಕಿಲ್ಲ" ಎಂದು ಕೂಗಿದೆ.

ಅವಳು ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. "ಇಲ್ಲಿ ಸತ್ತೋರಿಗೆ ಇಲ್ಲಿನ ಹಕ್ಕೀನೇ ತಾನೆ ಬರೋದು?" ಎಂದಳು.

ಮೋಟೆಲ್‌ನಲ್ಲಿ ಉಳಿಯಲಿಲ್ಲ, ಆನ್ ಆರ್ಬರ್‌ಗೂ ಹೋಗಲಿಲ್ಲ. ಪೆಟ್ರೋಲ್ ಹಾಕಿಸುವಾಗ ಅವಳು ಫೋನಿನಲ್ಲಿ ಅಣ್ಣನಿಗೆ "ಬೇಡ" ಎಂದಷ್ಟೇ ಹೇಳಿದಳು. ಆಚೆಯಿಂದ ಅವನು ಏನೇನೋ ಕೇಳುತ್ತಿದ್ದ. ಇವಳು ಗಾಜಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತಾ ನಿಂತಿದ್ದಳು. ದಾರಿಯುದ್ದಕ್ಕೂ ನಾನು ಸತ್ತವನನ್ನು ಮನಸ್ಸಿನಲ್ಲೇ ಬೈದೆ. ಅವಳು ಈಗಲೂ ಅದೇ ಮನೆಯಲ್ಲಿ ಒಬ್ಬಳೇ ಇದ್ದಾಳೆ.

ನಾನು ಇಂಥದ್ದನ್ನು ನಂಬುವವಳಲ್ಲ. ನಮ್ಮಲ್ಲಿ ಸತ್ತವರು ಹಕ್ಕಿಯಾಗಿ ಬಂದು ಲೆಕ್ಕ ಕೇಳುವುದಿಲ್ಲ. ಆದರೆ ಅಷ್ಟು ಹೊತ್ತು ಬಾರದ ಆ ಹಕ್ಕಿ ಆ ಮಾತಿಗೇ ಯಾಕೆ ಬಂತು ಎನ್ನುವುದು ನನ್ನನ್ನು ಬಿಟ್ಟು ಹೋಗಿಲ್ಲ.

ಅವತ್ತು ಸಂಜೆ ಮನೆಗೆ ಬಂದಾಗ ನನ್ನ ಗಂಡ ಸೋಫಾದ ಮೇಲೆ ಚಹಾ ಕುಡಿಯುತ್ತಿದ್ದರು. ಬೂಟು ಬಿಚ್ಚುವ ಮೊದಲೇ ಅವರೆದುರು ನಿಂತು ನಮ್ಮ ಮನೆಮಾತಿನಲ್ಲಿ ಹೇಳಿದೆ: ನಾನು ಮೊದಲು ಸತ್ತರೆ ನೀವು ಇನ್ನೊಂದು ಮದುವೆ ಆಗಿ, ನನಗೆ ಬೇಸರವಿಲ್ಲ, ಬಾಯಿ ಇರುವಾಗಲೇ ಹೇಳುತ್ತಿದ್ದೇನೆ.

ಅವರು ನನ್ನನ್ನು ನೋಡಿ ನಕ್ಕರು. ಆಗಲಿ ಎಂದರು.

ನಾನು ಹಾಗೇ ನಿಂತಿದ್ದೆ, ಅವರೂ ನನಗೆ ಅದೇ ಮಾತು ಹೇಳುತ್ತಾರೆಂದು. ಅವರು ಚಹಾ ಮುಗಿಸಿ ಟೀವಿ ಹಾಕಿದರು.