ಐಸಾ ಅಂದಾಗ ಬಂದ ಹಲ್ಲು

ನಾನು ಚಿಕ್ಕವಳಿದ್ದಾಗ ಹೊರಗಿನವರನ್ನು ಕಂಡರೆ ತುಟಿ ಬಿಚ್ಚುತ್ತಿರಲಿಲ್ಲ. ಊರಿನ ಕನ್ನಡ ಶಾಲೆಯಲ್ಲಿ ಮಾಸ್ತರರು ಹಾಜರಿ ಕರೆದರೆ ನನ್ನ ಬದಲು ಪಕ್ಕದ ಹುಡುಗಿ ‘ಅದಾಳ್ರಿ’ ಅನ್ನುತ್ತಿದ್ದಳು. ಅಂಥವಳು ಒಂದು ದಿನ ಹಲ್ಲಿನ ಡಾಕ್ಟರರ ಮುಂದೆ ಬಾಯಿ ತೆರೆಯಬೇಕಾಗಿ ಬಂತು.

ಅಪ್ಪ ಗೋವೆಯ ವಾಸ್ಕೋ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ. ಬೇಸಿಗೆ ರಜೆಗೆ ಅಕ್ಕ ಮತ್ತು ನಾನು ವಿಜಾಪುರದ ಕಡೆಯ ನಮ್ಮ ಊರಿಂದ ಹಮಾಲರ ಸಾಲುಮನೆಯಲ್ಲಿದ್ದ ಅವನ ಖೋಲಿಗೆ ಬಂದಿದ್ದೆವು. ಅಲ್ಲಿನ ಗಾಳಿಯಲ್ಲಿ ಒಣಮೀನಿನ ವಾಸನೆ. ಸಂಜೆ ಅಪ್ಪ ಬಂದಾಗ ಅದಿರಿನ ಕೆಂಪು ಧೂಳು ಅವನ ಹುಬ್ಬಿನ ಮೇಲೂ ಕೂತಿರುತ್ತಿತ್ತು. ಮನೆಯಲ್ಲಿ ಅವನು ಹೆಚ್ಚು ಮಾತಾಡುವವನಲ್ಲ. ಆದರೆ ಬಂದರಿನಲ್ಲಿ ಹತ್ತಾರು ಮಂದಿ ಹಗ್ಗ ಹಿಡಿದು ಭಾರ ಎಳೆಯುವಾಗ ಮುಂದೆ ನಿಂತು ಪದ ಹೇಳುವವನು ಅವನೇ. ಅವನು ಒಂದು ಸಾಲು ಕೂಗಿದರೆ ಉಳಿದವರೆಲ್ಲ ‘ಐಸಾ!’ ಅಂದು ಒಟ್ಟಿಗೆ ಎಳೆಯುತ್ತಿದ್ದರು. ಎದುರಿಗೆ ಯಾರು ನಿಂತರೂ, ಕೆಲಸ ಮಾಡಿಸುವ ಮುಕಾದಮನೇ ಆದರೂ, ಪದದಲ್ಲಿ ಅವರಿಗೊಂದು ಚೇಷ್ಟೆ ಇರಲೇಬೇಕು, ಅದು ಹಮಾಲರ ಪದ್ಧತಿ. ನಾವು ಖೋಲಿ ಸಾಲಿನ ಮಕ್ಕಳೂ ಹಲಗೆಯ ಬಂಡಿ ಎಳೆಯುತ್ತ ಅದನ್ನೇ ಆಡುತ್ತಿದ್ದೆವು.

ಆ ರಜೆಯಲ್ಲಿ ನನ್ನ ದವಡೆ ಹಲ್ಲಿನಲ್ಲಿ ಕೀವಾಗಿ ಕೆನ್ನೆ ಬನ್ನಿನ ಹಾಗೆ ಊದಿತು. ಲವಂಗ ಇಟ್ಟಿದ್ದಾಯಿತು, ಇಂಗು ಇಟ್ಟಿದ್ದಾಯಿತು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರೂ ನುಂಗಲಾಗದೆ ಅಳುತ್ತಿದ್ದೆ. ಅಪ್ಪ ಕೆಲಸ ಬಿಟ್ಟು ನಮ್ಮಿಬ್ಬರನ್ನೂ ಡಾಕ್ಟರರ ಬಳಿಗೆ ಕರೆದೊಯ್ದ.

ಡಾಕ್ಟರರು ಗೋವೆಯವರೇ, ದುಂಡು ಹೊಟ್ಟೆಯ ಮುದುಕರು. ಬೆತ್ತದ ಬೆಂಚಿನ ಮೇಲೆ ಇಸ್ತ್ರಿ ಬಟ್ಟೆಯ ಜನ ಕೂತಿದ್ದರು. ಅಪ್ಪ ತನ್ನ ಅಂಗಿಯ ಧೂಳನ್ನು ಕೈಯಿಂದ ಒರೆಸಿಕೊಳ್ಳುತ್ತ ಬಾಗಿಲ ಬಳಿಯೇ ನಿಂತ. ನನ್ನನ್ನು ದೊಡ್ಡ ಕುರ್ಚಿಯ ಮೇಲೆ ಕೂರಿಸಿ ಡಾಕ್ಟರರು, “ತೋಂಡ್ ಉಗಡ್, ಬಾಯ್” ಎಂದು ಕೊಂಕಣಿಯಲ್ಲಿ ಮೆಲ್ಲಗೆ ಹೇಳಿದರು. ಬಾಯಿ ತೆರೆ ಮಗಳೇ ಅನ್ನುತ್ತಿದ್ದಾರೆಂದು ತಿಳಿಯಿತು. ನಾನು ತೆರೆಯಲಿಲ್ಲ. ಮಕ್ಕಳು ಹೆದರಿದರೆ ಅವರು ಹಾಡು ಹಾಕುತ್ತಿದ್ದರಂತೆ. ಮೂಲೆಯ ಗ್ರಾಮೊಫೋನಿಗೆ ತಟ್ಟೆ ಹಾಕಿ ಮುಳ್ಳು ಇಟ್ಟರು. ಪಿಟೀಲು, ಕಹಳೆ ಎರಡೂ ಕೂಡಿ ನಿಧಾನವಾಗಿ ನುಡಿಯತೊಡಗಿದವು.

ಅಷ್ಟಕ್ಕೇ ನಾನು ಕಿಟಾರನೆ ಕಿರುಚಿ ಕುರ್ಚಿಯಿಂದ ಧುಮುಕಿ ಅಪ್ಪನ ಕಾಲು ತಬ್ಬಿಕೊಂಡೆ.

ಹಿಂದಿನ ದಿನವಷ್ಟೇ ನಮ್ಮ ಖೋಲಿಯ ಮುಂದೆ ಶವದ ಪೆಟ್ಟಿಗೆ ಹೊತ್ತುಕೊಂಡು ಹೋಗಿದ್ದರು. ಕರಿ ಕೋಟಿನವರು ಅದರ ಮುಂದೆ ಇಂಥದೇ ಪಿಟೀಲು, ಕಹಳೆ ಬಾರಿಸುತ್ತ ನಡೆದಿದ್ದರು. ಊರಲ್ಲಿ ನಾನು ಕಹಳೆ ಕೇಳಿದ್ದು ಮದುವೆಯಲ್ಲಿ ಮಾತ್ರ. ಗೋವೆಯಲ್ಲಿ ಇದು ಸತ್ತವರಿಗೆ ಬಾರಿಸುವುದು ಎಂದು ನನಗೆ ಗಟ್ಟಿಯಾಗಿ ಹೋಗಿತ್ತು.

“ಅಪ್ಪಾ, ನನ್ನ ಹೂಳಾಕ ಕೊಡಬ್ಯಾಡೋ!”

ಅಕ್ಕನಿಗೆ ವಿಷಯ ತಿಳಿದು ನಗು ತಡೆಯಲಾಗಲಿಲ್ಲ. “ಹುಚ್ಚಿ, ಹೂಳೋದಾದ್ರ ಇಷ್ಟು ಚಲೋ ಕುರ್ಚಿ ಮ್ಯಾಲ ಕುಂಡರಿಸ್ತಿದ್ರೇನ?”

ಅಪ್ಪ ತನ್ನ ಹರಕು ಹಿಂದಿಯಲ್ಲಿ ಅದನ್ನು ಡಾಕ್ಟರರಿಗೆ ತಿಳಿಸಿದ. ಅವರು ನಗಲಿಲ್ಲ. ತಾವೇ ಹೋಗಿ ಮುಳ್ಳು ಎತ್ತಿದರು. ಈ ಹೊತ್ತು ಹಲ್ಲು ತೆಗೆಯದಿದ್ದರೆ ಕೀವು ದವಡೆಗೆ ಇಳಿಯುತ್ತದೆ, ಇವಳಿಗೆ ಹಿಡಿಸುವ ಹಾಡು ಯಾವುದು, ನೀವೇ ಹಾಡಿ ಎಂದು ಅವರೂ ಹಿಂದಿಯಲ್ಲೇ ಹೇಳಿದರು.

“ನನಗೆಲ್ಲಿ ಹಾಡು ಬರ್ತಾವ್ರಿ ಸಾಹೇಬ್ರ,” ಎಂದು ಅಪ್ಪ ಬೆಂಚಿನವರನ್ನು ನೋಡಿ ತಲೆ ತಗ್ಗಿಸಿದ.

“ಹಗ್ಗದ ಪದ ಹೇಳಪಾ. ಅದನ್ನ ಕೇಳಿದ್ರ ಇಕಿ ಸುಮ್ಮನ ಕುಂಡ್ರಾಕಿ ಅಲ್ಲ,” ಎಂದಳು ಅಕ್ಕ.

ಅಪ್ಪ ಗೋಡೆಯ ಕಡೆ ಮುಖ ಮಾಡಿ ಸಣ್ಣ ದನಿಯಲ್ಲಿ ಶುರು ಮಾಡಿದ.

“ದೊಡ್ಡ ಹಡಗ ಬಂದೈತಿ.”

“ಐಸಾ!” ಎಂದಳು ಅಕ್ಕ.

“ಮುಕಾದಮ ಮಲಗ್ಯಾನ.”

“ಐಸಾ!” ನನ್ನ ಬಾಯಿಂದಲೂ ಬಂದೇ ಬಿಟ್ಟಿತು. ಕೊನೆಯ ‘ಆ’ಗೆ ಬಾಯಿ ಅಗಲವಾಗುವುದನ್ನು ಡಾಕ್ಟರರು ಕಂಡರು. ನನ್ನನ್ನು ಮತ್ತೆ ಕುರ್ಚಿಗೆ ಕೂರಿಸಿ, ಇನ್ನೂ ಹಾಡಿ ಎಂದು ಅಪ್ಪನಿಗೆ ಕೈಸನ್ನೆ ಮಾಡಿದರು.

ಅಪ್ಪನಿಗೆ ಈಗ ಹುರುಪು ಬಂದಿತ್ತು. ಬಂದರಿನ ಅಭ್ಯಾಸ ಎಲ್ಲಿ ಹೋಗಬೇಕು? ತಿರುಗಿ ನಿಂತವನು ಎದುರಿಗಿದ್ದವರನ್ನು ನೋಡಿ ಕೂಗಿಯೇ ಬಿಟ್ಟ.

“ಡಾಕ್ಟರ ಹೊಟ್ಟಿ ಗುಡಾಣ!”

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಕನ್ನಡ ಬಾರದ ಡಾಕ್ಟರರು ಮಾತ್ರ ಎಲ್ಲರಿಗಿಂತ ಜೋರಾಗಿ “ಐಸಾ!” ಅಂದರು. ನನಗೆ ಎಂಥ ನಗು ಬಂತೆಂದರೆ, ಸೂಜಿ ಚುಚ್ಚಿದ್ದು ಇರುವೆ ಕಚ್ಚಿದಷ್ಟೇ ಅನ್ನಿಸಿತು. ದವಡೆ ಜೋಮು ಹಿಡಿದ ಮೇಲೆ ಬಾಯಲ್ಲಿ ಇಕ್ಕಳ ಇದ್ದುದರಿಂದ ನನಗೆ ಕೂಗಲಾಗಲಿಲ್ಲ. ಆಗ ಬೆಂಚಿನವರೇ ನನ್ನ ಪರವಾಗಿ ಕೂಗಿದರು. ಅಪ್ಪನ ಕಂಠ ಬಂದರಿನಲ್ಲಿ ಏರುವಷ್ಟೇ ಏರಿತು. ಎಲ್ಲರೂ “ಐಸಾ!” ಅನ್ನುವ ಹೊತ್ತಿಗೆ ಸರಿಯಾಗಿ ಡಾಕ್ಟರರು ಎಳೆದರು, ಹಲ್ಲು ಬಂತು.

ಹತ್ತಿ ಕಚ್ಚಿಕೊಂಡು ಕೂತಿದ್ದಾಗ ಡಾಕ್ಟರರು ‘ಡಾಕ್ಟರ’ ಅಂತ ಬಂದ ಆ ಸಾಲಿನ ಅರ್ಥ ಕೇಳಿದರು. ಅಕ್ಕ ತಡಮಾಡಲಿಲ್ಲ. “ನಿಮ್ಮ ಕೈಗುಣ ಭಾಳ ಚಲೋ ಅಂತ್ರಿ!” ಅದನ್ನು ಹಿಂದಿಯಲ್ಲಿ ಹೇಳುವಾಗ ಅಪ್ಪನ ಕಿವಿ ಕೆಂಪಾದವು. ಮರುದಿನ ನಾನು ಇನ್ನೊಂದು ಬದಿಯಿಂದ ರೊಟ್ಟಿ ಅಗಿದು ತಿಂದೆ.

ಮೊಮ್ಮಕ್ಕಳೇ, ನಿಮ್ಮ ಕಾಲದ ದವಾಖಾನೆ ತಣ್ಣಗಿದೆ, ಅಲ್ಲಿ ಯಾರೂ ಕೂಗುವುದಿಲ್ಲ. ಹೋದ ತಿಂಗಳು ನಿಮ್ಮಲ್ಲಿ ಕಿರಿಯವನ ಹುಳುಕು ಹಲ್ಲು ತುಂಬುವಾಗ ಡಾಕ್ಟರಮ್ಮ ಅವನ ಕಿವಿಗೆ ಹೆಡ್‌ಫೋನ್ ಹಾಕಿದರು. ಮೊಬೈಲಿನಲ್ಲಿ ತನಗೆ ಬೇಕಾದ ಹಾಡನ್ನು ಅವನೇ ಆರಿಸಿಕೊಂಡ. ಪಕ್ಕದಲ್ಲೇ ಕೂತಿದ್ದರೂ ನನಗೆ ಏನೂ ಕೇಳಿಸಲಿಲ್ಲ. ಅವನಿಗೆ ನೋಯುತ್ತಿದೆಯೋ ಏನೋ ಎಂದು ಮುಖ ನೋಡಿದರೆ ಮುಖದ ತುಂಬ ಮಾಸ್ಕು, ದೀಪ, ಕೈಗಳು. ಕೊನೆಗೆ ಅವನ ಪಾದದ ಕಡೆ ನೋಡಿದೆ. ಕಾಲಿನ ಹೆಬ್ಬೆರಳು ಒಂದೇ ಸಮ ತಾಳ ಹಾಕುತ್ತಿತ್ತು. ಆಮೇಲೆ ನಾನು ಹೆದರಲಿಲ್ಲ.