ಕಾಫಿ ಇದ್ದರೆ, ಇಲ್ಲದಿದ್ದರೆ ಟೀ

ನಾನು ಮಾತು ಪೂರ್ತಿ ಮಾಡುವವನಲ್ಲ. ಸಂಜೆ "ಕಾಫಿ ಇದ್ದರೆ, ಇಲ್ಲದಿದ್ದರೆ ಟೀ" ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಕಾಫಿ ಇದ್ದರೆ ಏನು ಮಾಡಬೇಕೆಂಬುದನ್ನು ಹೆಂಡತಿ ಪದ್ಮಾ ತಾನೇ ತುಂಬಿಕೊಳ್ಳುತ್ತಾಳೆ. ಈ ಚಾಳಿಯನ್ನು ನಾನು ಬರೆಯುವ ಕಂಪ್ಯೂಟರ್ ಪ್ರೋಗ್ರಾಮಿಗೂ ಅಂಟಿಸಿದ್ದೇ ನನ್ನ ಅಧಃಪತನದ ಮೂಲ.

ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯಹೇಳುವ ದುಭಾಷಿಯೇ ಕಂಪೈಲರ್. ನಾನು ಬಳಸುವ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಸ್ಟ್ಯಾಂಡರ್ಡ್ ಎಂಬ ಧರ್ಮಶಾಸ್ತ್ರವಿದೆ. ಅದರ ಪ್ರಕಾರ 'ಇದ್ದರೆ' ಎಂದವನು ಇದ್ದರೆ ಏನೆಂದು ಬಾಯಿಬಿಟ್ಟು ಹೇಳಲೇಬೇಕು. ನನ್ನ ಕಂಪೈಲರ್ ಮಾತ್ರ ಉದಾರಿ, ಮಧ್ಯದ್ದನ್ನು ನುಂಗಿದರೂ ಅರ್ಥಮಾಡಿಕೊಳ್ಳುತ್ತದೆ. ನಮ್ಮ ವೈಯಾಕರಣರು ಇದನ್ನು ಅಧ್ಯಾಹಾರವೆಂದು ಗೌರವಿಸಿದರು. ಸಿ ಪಂಡಿತರು ಶಾಸ್ತ್ರದ ಹೊರಗಿನ ಎಕ್ಸ್‌ಟೆನ್ಷನ್ ಎಂದು ಮೂಗು ಮುರಿಯುತ್ತಾರೆ.

ಮಿಷಿಗನ್ನಿನ ಲಿವೋನಿಯಾದ ನಮ್ಮ ಬೇಸ್‌ಮೆಂಟಿನಲ್ಲಿ ಕೂತು, ಕಾರಿನೊಳಗಿನ ಪುಟ್ಟ ಯಂತ್ರಗಳು ಪರಸ್ಪರ ಕಳಿಸುವ ಸಂದೇಶಗಳನ್ನು ಓದುವ ಪ್ರೋಗ್ರಾಮೊಂದನ್ನು ಬರೆದು, ಓಪನ್ ಸೋರ್ಸ್ ಮಾಡಿ ಲೋಕಾರ್ಪಣೆ ಮಾಡಿದ್ದೆ. ಲೋಕ ಗಮನಿಸಲಿಲ್ಲ. ವರ್ಷಗಳ ಮೇಲೆ, ಆಬರ್ನ್ ಹಿಲ್ಸ್‌ನಲ್ಲಿ ಕಾರು ಕಂಪನಿಯೊಂದರ ಇಂಜಿನಿಯರ್ ಆಗಿರುವ, ನಮ್ಮದೇ ಬಡಾವಣೆಯ ಮೇಘನಾ ಫೋನ್ ಮಾಡಿ ಅದು ತನ್ನ ಟೀಮಿಗೆ ಬೇಕೆಂದಳು. ನನ್ನ ಕೃತಿಗೆ ಸಿಕ್ಕ ಮೊದಲ ಗಿರಾಕಿ, ಬಹುಶಃ ಕೊನೆಯದೂ. ಆದರೆ ಅವರ ಕಂಪೈಲರ್ ಮಹಾ ಮಡಿವಂತ.

"ಅಂಕಲ್, ಮಿಡಲ್‌ನಲ್ಲಿ ಏನೋ ಮಿಸ್ಸಿಂಗ್ ಅಂತಿದೆ. ಸ್ಟ್ಯಾಂಡರ್ಡ್ ಆಗಿ ಬರೆದುಕೊಟ್ರೆ ನಿಮ್ದೇ ಯೂಸ್ ಮಾಡ್ತೀವಿ, ಇಲ್ದಿದ್ರೆ ಬೇರೆ."

ಮಾತಿನ ಕೊನೆಗೆ ಅವಳೂ ಅರ್ಧ ಮಾತು ನುಂಗಿದ್ದನ್ನು ನಾನು ಎತ್ತಿ ತೋರಿಸಲಿಲ್ಲ.

ಶುದ್ಧೀಕರಣಕ್ಕೆ ಕೂತೆ. 'ಮುಂದಿನ ಸಂದೇಶ ಇದ್ದರೆ, ಇಲ್ಲದಿದ್ದರೆ ಸೊನ್ನೆ' ಎಂದಿದ್ದಲ್ಲೆಲ್ಲ 'ಮುಂದಿನ ಸಂದೇಶ ಇದ್ದರೆ ಮುಂದಿನ ಸಂದೇಶ ಕೊಡು, ಇಲ್ಲದಿದ್ದರೆ ಸೊನ್ನೆ' ಎಂದು ತಿದ್ದಿದೆ. ಶಾಸ್ತ್ರ ಚಕಾರವೆತ್ತಲಿಲ್ಲ. ಅವರ ಮಡಿವಂತನೂ ಒಪ್ಪಿದ. ಕೆಲವು ದಿನ ನಾನು ಸಜ್ಜನರ ಸಾಲಿನಲ್ಲಿದ್ದೆ. ಆಮೇಲೆ ಮೇಘನಾ ಫೋನ್ ಮಾಡಿ, ಒಂದು ಬಿಟ್ಟು ಒಂದು ಮೆಸೇಜ್ ಮಾಯವಾಗುತ್ತಿದೆ ಎಂದಳು.

ಆಗಿದ್ದು ಇಷ್ಟೇ: ಇದೆಯೋ ಎಂದು ನೋಡಲು ಒಂದು ಸಂದೇಶ ಹೊರಗೆಳೆದ ಪ್ರೋಗ್ರಾಮು, ಅದನ್ನು ಅಲ್ಲೇ ಬಿಸಾಡಿ, ಕೊಡಲು ಇನ್ನೊಂದನ್ನು ಎಳೆಯುತ್ತಿತ್ತು. ಅಶುದ್ಧವಾಗಿದ್ದಾಗ ಒಂದೇ ಸಲ ಕೇಳಿ, ಸಿಕ್ಕಿದ್ದನ್ನೇ ಕೊಡುತ್ತಿತ್ತು. ಶುದ್ಧವಾದ ಮೇಲೆ ಎರಡು ಸಲ. ಈಗಲೇ ಸರಿಮಾಡುತ್ತೇನೆಂದು ಗೋಗರೆದೆ.

"ಬೇಡ ಅಂಕಲ್. ನಮ್ಮ ಟೀಮ್ ಲೀಡ್ ಬೇರೆದು ತಗೊಂಡ್ಬಿಟ್ರು. ಸಾರಿ."

ಇನ್ನಾದರೂ ಬದುಕನ್ನು ಶಾಸ್ತ್ರೋಕ್ತವಾಗಿ ನಡೆಸೋಣವೆಂದು ಆ ಸಂಜೆ ಪದ್ಮಾಳನ್ನು "ಕಾಫಿ ಇದೆಯೇ?" ಎಂದು ಕೇಳಿದೆ. ಇದೆ ಎಂದಳು. ಬೇಸ್‌ಮೆಂಟಿಗೆ ಹೋಗಿ, ಅನಾಥವಾದ ನನ್ನ ಪ್ರೋಗ್ರಾಮನ್ನು ಒಂದಿಷ್ಟು ಹೊತ್ತು ದಿಟ್ಟಿಸಿ, ಮೇಲೆ ಬಂದು "ಇದ್ದರೆ ಕಾಫಿ ಕೊಡು" ಎಂದೆ. ಅವಳು ಖಾಲಿ ಲೋಟ ತೋರಿಸಿದಳು.

"ಕೇಳಿ ಹೊರಟೇ ಹೋದ್ರಲ್ಲ. ಬೇಡ್ವೇನೋ ಅಂತ ನಾನೇ ಕುಡಿದೆ. ಟೀ?"

ಆ ಒಂದಕ್ಷರದ ಹಿಂದುಮುಂದಿನದೆಲ್ಲ ನನಗೆ ತಿಳಿಯಿತು. ಹ್ಞೂಂ ಎಂದೆ. ಇಡೀ ಮಿಷಿಗನ್ನಿನಲ್ಲಿ ನನ್ನ ಅರ್ಧ ಮಾತು ಇನ್ನು ನಡೆಯುವುದು ಈ ಅಡುಗೆಮನೆಯಲ್ಲಿ ಮಾತ್ರ; ಇಲ್ಲೂ ಒಂದೇ ಸಲ ಕೇಳಬೇಕು.